ಗೇಜಿಗೆ ಸರಿಹೊಂದಿದ ಚಕ್ರದಲ್ಲೇ ದೋಷವಿತ್ತು: ಟೈರ್ ಒತ್ತಡದ ಸೆನ್ಸರ್‌ಗಳನ್ನು ಪರಿಶೀಲಿಸಿದ ಬಗೆ

ನನ್ನ ಕಾರಿನ ನಾಲ್ಕು ಟೈರುಗಳಿಗೂ ತಯಾರಕರು ಸೂಚಿಸಿರುವ ಒತ್ತಡ, ಟೈರು ತಣ್ಣಗಿರುವಾಗ 33 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಗೇಜ್ ಹಚ್ಚಿ ನೋಡಿ ನಾಲ್ಕಕ್ಕೂ ಸರಿಯಾಗಿ 33 ತುಂಬಿದ ಮೇಲೂ ಡ್ಯಾಶ್‌ಬೋರ್ಡಿನ ಪರದೆಯು ಮುಂದಿನ ಎರಡು ಚಕ್ರಗಳಿಗೆ ಮತ್ತು ಹಿಂದಿನ ಬಲಚಕ್ರಕ್ಕೆ ಒಮ್ಮೆ 31, ಒಮ್ಮೆ 32 ಎಂದೂ, ಹಿಂದಿನ ಎಡಚಕ್ರಕ್ಕೆ ಮಾತ್ರ 33 ಎಂದೂ ತೋರಿಸುತ್ತಿತ್ತು. ಮೂರು ಸೆನ್ಸರ್‌ಗಳು ತಪ್ಪುತ್ತಿವೆ, ಒಂದು ಮಾತ್ರ ಸರಿಯಾಗಿದೆ ಎಂದೇ ನೋಡಿದವರಿಗೆ ಅನಿಸುವಂತಿತ್ತು. ಒಂದೊಂದಾಗಿ ಅಳೆಯುತ್ತ ಹೋದಂತೆ ಸಂಗತಿ ಇದಕ್ಕೆ ತದ್ವಿರುದ್ಧವೆಂದು ಗೊತ್ತಾಯಿತು: ಕಡಿಮೆ ತೋರಿಸುತ್ತಿದ್ದ ಮೂರೂ ಸೆನ್ಸರ್‌ಗಳು ಆರೋಗ್ಯವಾಗಿದ್ದವು, ಗೇಜಿಗೆ ಹೊಂದುತ್ತಿದ್ದ ಆ ಒಂದು ಸೆನ್ಸರ್ ಟೈರಿನೊಳಗಿನ ಒತ್ತಡವನ್ನು ಅಳೆಯುವುದನ್ನೇ ನಿಲ್ಲಿಸಿತ್ತು. ಈ ತೀರ್ಮಾನಕ್ಕೆ ಯಾವ ಅಳತೆಗಳು ಕರೆದೊಯ್ದವು, ರಿಪೇರಿ ಹೇಗಾಯಿತು ಎಂಬುದನ್ನು ಇಲ್ಲಿ ಕ್ರಮವಾಗಿ ದಾಖಲಿಸುತ್ತಿದ್ದೇನೆ.

ಟೈರ್ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆಗಳಲ್ಲಿ ಎರಡು ಬಗೆಗಳಿವೆ. ಪರೋಕ್ಷ ಬಗೆಯಲ್ಲಿ ಟೈರಿನೊಳಗೆ ಸೆನ್ಸರ್ ಇರುವುದೇ ಇಲ್ಲ. ಗಾಳಿ ಕಡಿಮೆಯಾದ ಟೈರಿನ ಸುತ್ತಳತೆ ತುಸು ಕುಗ್ಗುವುದರಿಂದ ಆ ಚಕ್ರ ಉಳಿದವುಗಳಿಗಿಂತ ವೇಗವಾಗಿ ತಿರುಗುತ್ತದೆ. ಎಬಿಎಸ್ ಬ್ರೇಕಿಗಾಗಿ ಇರುವ ಚಕ್ರವೇಗದ ಸೆನ್ಸರ್‌ಗಳಿಂದಲೇ ಈ ವ್ಯತ್ಯಾಸವನ್ನು ಗುರುತಿಸಲಾಗುತ್ತದೆ. ಅಂಥ ಕಾರು ಎಚ್ಚರಿಕೆಯ ದೀಪವನ್ನಷ್ಟೇ ಹೊತ್ತಿಸುತ್ತದೆ, ನಿಜವಾಗಿ ಅಳೆದ ಅಂಕಿಯನ್ನು ಕೊಡಲಾರದು, ಹಾಗೂ ಗಾಳಿ ತುಂಬಿಸಿದಾಗಲೆಲ್ಲ ಅದನ್ನು ರೀಸೆಟ್ ಮಾಡಬೇಕಾಗುತ್ತದೆ. ಪ್ರತ್ಯಕ್ಷ ಬಗೆಯಲ್ಲಿ ಪ್ರತಿ ಚಕ್ರದ ವಾಲ್ವಿನ ಒಳತುದಿಗೆ ಒಂದು ಪುಟ್ಟ ಸೆನ್ಸರ್ ಜೋಡಿಸಿರುತ್ತಾರೆ. ಒತ್ತಡ ಮತ್ತು ಉಷ್ಣತೆಯನ್ನು ಅಳೆಯುವ ಚಿಪ್, ಚಕ್ರ ತಿರುಗುತ್ತಿದೆಯೇ ಎಂದು ಅರಿಯುವ ವೇಗವರ್ಧನಮಾಪಕ, ರೇಡಿಯೊ ಪ್ರಸಾರಕ, ಲಿಥಿಯಂ ಬ್ಯಾಟರಿ ಇವಿಷ್ಟೂ ಅದರೊಳಗಿರುತ್ತವೆ. ಬ್ಯಾಟರಿಯನ್ನು ರಾಳದಲ್ಲಿ ಮುಳುಗಿಸಿ ಮುಚ್ಚಿರುವುದರಿಂದ ಅದನ್ನು ಬದಲಿಸಲು ಬರುವುದಿಲ್ಲ. ಐದರಿಂದ ಹತ್ತು ವರ್ಷ ಬಾಳಿದ ನಂತರ ಇಡೀ ಸೆನ್ಸರನ್ನೇ ಬದಲಿಸಬೇಕು. ನನ್ನದು ಈ ಎರಡನೆಯ ಬಗೆಯ ಕಾರು, ಮತ್ತೊಬ್ಬರಿಂದ ಕೊಂಡದ್ದು, ಸೆನ್ಸರ್‌ಗಳು ಮೊದಲಿನವೇ.

ಪರದೆಯ ಅಂಕಿಯ ವಿಚಾರಕ್ಕೆ ಬರುವ ಮೊದಲು ದೀಪದ ಭಾಷೆಯನ್ನು ಅರಿತುಕೊಳ್ಳಬೇಕು. ಕುದುರೆಲಾಳದಂಥ ಆಕಾರದೊಳಗೆ ಉದ್ಗಾರ ಚಿಹ್ನೆಯಿರುವ ಹಳದಿ ದೀಪ ಹೊತ್ತಿ ಸ್ಥಿರವಾಗಿ ನಿಂತರೆ ಯಾವುದೋ ಟೈರಿನಲ್ಲಿ ಒತ್ತಡ ಕಡಿಮೆಯಾಗಿದೆ ಎಂದರ್ಥ. ಕಾರು ಚಾಲೂ ಮಾಡಿದೊಡನೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮಿನುಗಿ ಆಮೇಲೆ ಸ್ಥಿರವಾದರೆ ದೋಷ ಗಾಳಿಯದ್ದಲ್ಲ, ವ್ಯವಸ್ಥೆಯದು: ಸೆನ್ಸರಿನ ಬ್ಯಾಟರಿ ಮುಗಿದಿರಬಹುದು, ಸಂಕೇತ ತಲುಪದಿರಬಹುದು, ಅಥವಾ ಕಾರಿಗೆ ಪರಿಚಯವಿಲ್ಲದ ಸೆನ್ಸರ್ ಇರಬಹುದು. ನನ್ನ ಕಾರಿನಲ್ಲಿ ಈ ಎರಡೂ ಇರಲಿಲ್ಲ. ಸಂಕೇತಗಳು ಬರುತ್ತಿದ್ದವು, ಅಂಕಿಗಳು ಮಾತ್ರ ಗೇಜಿನೊಂದಿಗೆ ತಾಳೆಯಾಗುತ್ತಿರಲಿಲ್ಲ.

ಮೊದಲು ಗೇಜನ್ನೇ ಒರೆಗೆ ಹಚ್ಚಬೇಕು

ಸೆನ್ಸರ್ ತಪ್ಪು ಎನ್ನುವುದಕ್ಕೆ ಮೊದಲು, ಯಾವುದರೊಂದಿಗೆ ಹೋಲಿಸಿ ಹಾಗೆನ್ನುತ್ತಿದ್ದೇವೆ ಎಂಬುದು ಖಚಿತವಾಗಬೇಕು. ಡಯಲ್ ಗೇಜುಗಳ ನಿಖರತೆಯನ್ನು ಸಾಮಾನ್ಯವಾಗಿ ಪೂರ್ಣ ಅಳತೆಯ ಶೇಕಡಾವಾರು ಲೆಕ್ಕದಲ್ಲಿ ಹೇಳಿರುತ್ತಾರೆ. 100 ಪಿಎಸ್‌ಐವರೆಗಿನ ಗೇಜಿನಲ್ಲಿ ಶೇಕಡಾ 2 ಎಂದಿದ್ದರೆ ಅದು 2 ಪಿಎಸ್‌ಐ ಆಚೀಚೆ ತೋರಿಸಿದರೂ ತಪ್ಪಲ್ಲ ಎಂದಾಯಿತು. ನಾನು ಹುಡುಕುತ್ತಿದ್ದ ವ್ಯತ್ಯಾಸವೇ ಅದಕ್ಕಿಂತ ಚಿಕ್ಕದು. ಹಾಗಾಗಿ 60 ಪಿಎಸ್‌ಐವರೆಗಿನ ದೊಡ್ಡ ಮುಖದ ಡಯಲ್ ಗೇಜೊಂದನ್ನು ಆರಿಸಿಕೊಂಡು, ಪ್ರಮಾಣೀಕರಿಸಿದ ಮಾಸ್ಟರ್ ಗೇಜೊಂದರ ಪಕ್ಕದಲ್ಲಿಟ್ಟು 20ರಿಂದ 40ರವರೆಗೆ ಹೋಲಿಸಿ ನೋಡಿದೆ. ಆ ವ್ಯಾಪ್ತಿಯಲ್ಲಿ ಎರಡರ ನಡುವೆ ಅರ್ಧ ಪಿಎಸ್‌ಐಗಿಂತ ಹೆಚ್ಚಿನ ಅಂತರ ಕಾಣಲಿಲ್ಲ. ಮನೆಯಲ್ಲಿದ್ದ ಪೆನ್ಸಿಲ್ ಗೇಜು ಒಂದೇ ಟೈರಿಗೆ ಪ್ರತಿ ಸಲವೂ ಬೇರೆ ಬೇರೆ ಅಂಕಿ ಕೊಟ್ಟಿದ್ದರಿಂದ ಅದನ್ನು ಈ ಕೆಲಸದಿಂದ ದೂರವಿಟ್ಟೆ. ಗೇಜುಗಳನ್ನು ಹೋಲಿಸುವಾಗ ಮರೆಯಬಾರದ ಒಂದು ಸಂಗತಿಯಿದೆ: ಗೇಜು ಒತ್ತಿದಾಗಲೆಲ್ಲ ಸ್ವಲ್ಪ ಗಾಳಿ ಸೋರುತ್ತದೆ. ಆದ್ದರಿಂದ ಮೊದಲ ಗೇಜು, ಎರಡನೆಯದು, ಮತ್ತೆ ಮೊದಲನೆಯದು ಎಂಬ ಸರದಿಯಲ್ಲಿ ಅಳೆದರೆ, ಕಂಡ ಇಳಿಕೆ ಗೇಜಿನದೋ ಸೋರಿದ ಗಾಳಿಯದೋ ಎಂಬುದು ಬೇರ್ಪಡುತ್ತದೆ.

ಅಳತೆಯ ಹೊತ್ತು ಗೇಜಿನಷ್ಟೇ ಮುಖ್ಯ. ಕನಿಷ್ಠ ಮೂರು ಗಂಟೆ ನಿಂತಿರುವ, ಬಿಸಿಲು ಬೀಳದ ಕಾರಿನಲ್ಲಷ್ಟೇ ಟೈರಿನ ತಣ್ಣಗಿನ ಒತ್ತಡ ಸಿಗುತ್ತದೆ. ಒಂದು ಮಗ್ಗುಲಿಗೆ ಮಾತ್ರ ಬಿಸಿಲು ಬೀಳುತ್ತಿದ್ದರೆ ಆ ಕಡೆಯ ಎರಡು ಟೈರುಗಳು ಎರಡು ಮೂರು ಪಿಎಸ್‌ಐ ಹೆಚ್ಚು ತೋರಿಸಿ ದಾರಿ ತಪ್ಪಿಸಬಲ್ಲವು. ಮುಂದೆ ಹೇಳುವ ಎಲ್ಲ ಅಳತೆಗಳೂ ಬೆಳಗಿನ ಹೊತ್ತು ನೆರಳಿನಲ್ಲಿ, ಟೈರಿನೊಳಗಿನ ಉಷ್ಣತೆ 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದಾಗ ತೆಗೆದುಕೊಂಡವು.

ಮೂರು ಚಕ್ರಗಳ ಒಂದೂವರೆ ಪಿಎಸ್‌ಐ ಎಲ್ಲಿ ಹೋಯಿತು

ಮೂರು ಚಕ್ರಗಳೂ ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತಿದ್ದವು. ಬೇರೆ ಬೇರೆ ಸೆನ್ಸರ್‌ಗಳು ಒಟ್ಟಿಗೆ ಒಂದೇ ರೀತಿ ಹಾಳಾಗುವುದು ಅಪರೂಪ. ಅಂಥ ಸಾಮಾನ್ಯ ವ್ಯತ್ಯಾಸ ಕಂಡಾಗ ಕಾರಣವನ್ನು ಸೆನ್ಸರಿನ ಹೊರಗೆ ಹುಡುಕಬೇಕು.

ಗೇಜು ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡಗಳ ನಡುವಿನ ವ್ಯತ್ಯಾಸವನ್ನು. ಚಕ್ರದೊಳಗಿರುವ ಸೆನ್ಸರಿಗಾದರೋ ಹೊರಗಿನ ಗಾಳಿಯ ಸಂಪರ್ಕವೇ ಇಲ್ಲ. ಅದು ನಿರ್ವಾತವನ್ನು ಸೊನ್ನೆಯಾಗಿಟ್ಟುಕೊಂಡು ಒಳಗಿನ ನಿರಪೇಕ್ಷ ಒತ್ತಡವನ್ನು ಅಳೆಯುತ್ತದೆ. ಆ ಅಂಕಿಯಿಂದ ವಾತಾವರಣದ ಒತ್ತಡವನ್ನು ಕಳೆದು ನಮಗೆ ಬೇಕಾದ ರೂಪದಲ್ಲಿ ತೋರಿಸುವುದು ಕಾರಿನ ನಿಯಂತ್ರಕದ ಕೆಲಸ. ಕೆಲವು ಕಾರುಗಳು ಈ ಲೆಕ್ಕಕ್ಕೆ ಹೊರಗಿನ ಒತ್ತಡವನ್ನು ಅಳೆದು ಬಳಸುತ್ತವೆ. ಉಳಿದವು ಸಮುದ್ರಮಟ್ಟದ 101.3 ಕಿಲೋಪ್ಯಾಸ್ಕಲನ್ನೇ ಎಲ್ಲೆಡೆಯೂ ಕಳೆಯುತ್ತವೆ. ನಾನು ಕಾರನ್ನು ಪರಿಶೀಲಿಸುತ್ತಿದ್ದ ಜಾಗ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ಕಳೆಯಬೇಕಾದದ್ದು 91, ಕಳೆಯುತ್ತಿರುವುದು 101.3 ಎಂದಾದರೆ ಪರದೆಯ ಮೇಲೆ 10 ಕಿಲೋಪ್ಯಾಸ್ಕಲ್‌ಗಿಂತ ತುಸು ಹೆಚ್ಚು, ಅಂದರೆ ಒಂದೂವರೆ ಪಿಎಸ್‌ಐ ಕಡಿಮೆ ಕಾಣಲೇಬೇಕು. 33ರಲ್ಲಿ ಒಂದೂವರೆ ಕಳೆದರೆ 31.5. ಪರದೆ ಪೂರ್ಣಾಂಕಗಳನ್ನಷ್ಟೇ ತೋರಿಸುವುದರಿಂದ ಅದು ಒಮ್ಮೆ 31ಕ್ಕೆ, ಒಮ್ಮೆ 32ಕ್ಕೆ ಹೊಯ್ದಾಡುವುದೂ ಸಹಜ.

ಲೆಕ್ಕ ಸರಿಹೋದರೆ ಸಾಲದು, ಅದಕ್ಕೆ ಸಾಕ್ಷಿ ಬೇಕಿತ್ತು. ಸೆನ್ಸರ್ ಕಳಿಸುವ ಮೂಲ ಅಂಕಿಯನ್ನು ಕಾರಿನ ಲೆಕ್ಕಾಚಾರಕ್ಕೆ ಮುಂಚೆಯೇ ನೋಡುವುದಕ್ಕೆ ಎರಡು ಉಪಾಯಗಳಿವೆ. ಟೈರ್ ಕೆಲಸದವರು ಬಳಸುವ ಕೈಯಳತೆಯ ಟಿಪಿಎಂಎಸ್ (ಟೈರ್ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆಯ) ಉಪಕರಣ ಮೊದಲನೆಯದು. ಅದು ವಾಲ್ವಿನ ಬಳಿ 125 ಕಿಲೋಹರ್ಟ್ಸ್‌ನ ಸಂಕೇತ ಕೊಟ್ಟು ಮಲಗಿರುವ ಸೆನ್ಸರನ್ನು ಎಬ್ಬಿಸುತ್ತದೆ. ಎಚ್ಚೆತ್ತ ಸೆನ್ಸರ್ ತನ್ನ ಗುರುತಿನ ಸಂಖ್ಯೆ, ಒತ್ತಡ, ಉಷ್ಣತೆ ಮತ್ತು ಬ್ಯಾಟರಿಯ ಸ್ಥಿತಿಯನ್ನು ಪ್ರಸಾರ ಮಾಡುತ್ತದೆ. ಎರಡನೆಯದು ಕಂಪ್ಯೂಟರಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಎಂಬ ಪುಟ್ಟ ರೇಡಿಯೊ ಗ್ರಾಹಕ ಮತ್ತು ಆರ್‌ಟಿಎಲ್_433 ಎಂಬ ಮುಕ್ತ ತಂತ್ರಾಂಶ. ಟೈರ್ ಸೆನ್ಸರ್‌ಗಳು ಕೆಲವು ದೇಶಗಳಲ್ಲಿ 315 ಮೆಗಾಹರ್ಟ್ಸ್‌ನಲ್ಲಿಯೂ ಉಳಿದೆಡೆ ಹೆಚ್ಚಾಗಿ 433.92 ಮೆಗಾಹರ್ಟ್ಸ್‌ನಲ್ಲಿಯೂ ಮಾತನಾಡುತ್ತವೆ. ನನ್ನವು ಎರಡನೆಯ ಬಗೆಯವು, ಅವುಗಳ ಸಂದೇಶದ ರೂಪ ಆ ತಂತ್ರಾಂಶಕ್ಕೆ ಮೊದಲೇ ತಿಳಿದಿತ್ತು. ಉಪಕರಣದಿಂದ ಸೆನ್ಸರನ್ನು ಎಬ್ಬಿಸಿ ಲ್ಯಾಪ್‌ಟಾಪಿನಲ್ಲಿ ಮೂಲ ಅಂಕಿಯನ್ನು ಓದುವುದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಉಪಯುಕ್ತವಾದ ಜೋಡಣೆಯಾಯಿತು. ಕಾರನ್ನು ಓಡಿಸದೆ, ಪರದೆ ತಾಜಾ ಆಗುವುದನ್ನು ಕಾಯದೆ, ಬೇಕೆಂದಾಗ ಅಳತೆ ಸಿಗುತ್ತದೆ. ನಿಂತ ಕಾರಿನಲ್ಲಿ ಸೆನ್ಸರ್‌ಗಳು ಬ್ಯಾಟರಿ ಉಳಿಸಲು ಬಹುಮಟ್ಟಿಗೆ ಮೌನವಾಗಿರುತ್ತವೆ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಗೇಜಿನಲ್ಲಿ 33 ಇದ್ದ ಹಿಂದಿನ ಬಲಚಕ್ರದ ಸೆನ್ಸರ್ 318 ಕಿಲೋಪ್ಯಾಸ್ಕಲ್ ಎಂದಿತು. 33 ಪಿಎಸ್‌ಐ ಎಂದರೆ 227.5 ಕಿಲೋಪ್ಯಾಸ್ಕಲ್. ಅದಕ್ಕೆ ಹೊರಗಿನ 91 ಸೇರಿಸಿದರೆ 318.5. ಸೆನ್ಸರ್ ಅರ್ಧ ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚು ತಪ್ಪಿರಲಿಲ್ಲವೆಂದಾಯಿತು. ಇಂಥ ಸೆನ್ಸರ್‌ಗಳಲ್ಲಿ ಸುಮಾರು ಒಂದು ಪಿಎಸ್‌ಐ ಆಚೀಚೆಯಾಗುವುದನ್ನು ಸಾಮಾನ್ಯವೆಂದೇ ಎಣಿಸುತ್ತಾರೆ. ಮುಂದಿನ ಎರಡು ಚಕ್ರಗಳೂ ಇದೇ ಉತ್ತರ ಕೊಟ್ಟವು. ಹೊರಗಿನ 91ನ್ನು ನಾನು ಓದಿದ್ದು ವಾಯುಭಾರಮಾಪಕವಿರುವ ಮೊಬೈಲ್ ಫೋನಿನಿಂದ. ಅದು 910 ಹೆಕ್ಟೊಪ್ಯಾಸ್ಕಲ್ ತೋರಿಸುತ್ತಿತ್ತು. ಇಲ್ಲೊಂದು ಎಚ್ಚರಿಕೆ ಅಗತ್ಯ. ಹವಾಮಾನ ವರದಿಗಳಲ್ಲಿ ಕೊಡುವ ಒತ್ತಡವನ್ನು ಸಮುದ್ರಮಟ್ಟಕ್ಕೆ ಪರಿವರ್ತಿಸಿ ಕೊಟ್ಟಿರುತ್ತಾರೆ. ಎಷ್ಟೇ ಎತ್ತರದ ಊರಿನಲ್ಲಿದ್ದರೂ ಅದು 1010ರ ಆಸುಪಾಸಿನಲ್ಲೇ ಇರುವುದರಿಂದ ಅದನ್ನು ಈ ಲೆಕ್ಕಕ್ಕೆ ಬಳಸಿದರೆ ಹುಡುಕುತ್ತಿರುವ ವ್ಯತ್ಯಾಸವೇ ಮಾಯವಾಗುತ್ತದೆ. ನಿಂತ ಜಾಗದಲ್ಲೇ ಅಳೆದ ಒತ್ತಡ ಬೇಕು.

ಹಿಂದಿನ ಎಡಚಕ್ರ

ಎತ್ತರದ ಕಾರಣದಿಂದ ನಾಲ್ಕು ಚಕ್ರಗಳೂ ಒಂದೂವರೆ ಪಿಎಸ್‌ಐ ಕಡಿಮೆ ತೋರಿಸಬೇಕೆಂದು ಸಿದ್ಧವಾದ ಕೂಡಲೇ, 33 ತೋರಿಸುತ್ತಿದ್ದ ಚಕ್ರದ ಮೇಲೆ ಅನುಮಾನ ಬಂತು. ಅದರ ಮೂಲ ಅಂಕಿ 332. ಇರಬೇಕಾದದ್ದು 318. ವ್ಯತ್ಯಾಸ 14 ಕಿಲೋಪ್ಯಾಸ್ಕಲ್, ಅಂದರೆ ಎರಡು ಪಿಎಸ್‌ಐ. ಸೆನ್ಸರಿಗೆ ವಯಸ್ಸಾಗಿ ಅಂಕಿ ಸರಿದಿರಬಹುದು ಎಂದುಕೊಂಡು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದೇ ಒತ್ತಡದಲ್ಲಿ ಅಳೆದ ಒಂದೇ ಅಂಕಿಯಿಂದ ದೋಷದ ಸ್ವರೂಪ ತಿಳಿಯುವುದಿಲ್ಲ. ಸೆನ್ಸರ್ ಎಲ್ಲ ಒತ್ತಡಗಳಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದೆಯೇ, ಒತ್ತಡ ಏರಿದಂತೆ ತಪ್ಪೂ ಏರುತ್ತಿದೆಯೇ ಅಥವಾ ಬದಲಾವಣೆಗೆ ತಡವಾಗಿ ಸ್ಪಂದಿಸುತ್ತಿದೆಯೇ ಎಂಬುದಕ್ಕೆ ಬೇರೆ ಬೇರೆ ಒತ್ತಡಗಳಲ್ಲಿ ಅಳೆಯಲೇಬೇಕು.

ಹಿಂದಿನ ಎರಡೂ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ಕೂರಿಸಿ, ಗಾಳಿಯನ್ನು 36, 30, 24 ಎಂದು ಇಳಿಸುತ್ತ ಬಂದೆ. ಗಾಳಿ ಹೊರಬಿಡುವಾಗ ಒಳಗಿನ ಗಾಳಿ ತುಸು ತಣ್ಣಗಾಗುವುದರಿಂದ ಪ್ರತಿ ಹಂತದಲ್ಲೂ ಕೆಲವು ನಿಮಿಷ ಕಾದು, ಗೇಜಿನ ಅಂಕಿಯನ್ನು ಮತ್ತೆ ಸರಿಪಡಿಸಿಕೊಂಡು, ಆಮೇಲೆ ಸೆನ್ಸರನ್ನು ಎಬ್ಬಿಸಿ ಓದಿಕೊಂಡೆ. ಬಲಚಕ್ರ 338, 297, 256 ಎಂದು ಹೇಳಿತು. ಲೆಕ್ಕದ ಪ್ರಕಾರ ಬರಬೇಕಾದದ್ದು 339, 298, 256.5. ಇಷ್ಟು ನಿಷ್ಠೆಯಿಂದ ಗೇಜನ್ನು ಹಿಂಬಾಲಿಸುವ ಸೆನ್ಸರಿನ ಬಗ್ಗೆ ಇನ್ನು ಅನುಮಾನವೇ ಬೇಕಿರಲಿಲ್ಲ. ಎಡಚಕ್ರ 36ರಲ್ಲಿ 332 ಎಂದಿತು. 30ರಲ್ಲಿಯೂ 332. 24ಕ್ಕೆ ಇಳಿಸಿ, ಕಣ್ಣಿಗೇ ಟೈರು ಮೆತ್ತಗಾದದ್ದು ಕಾಣುವಂತಿದ್ದಾಗ, 331.

ಟೈರನ್ನು ಹಾಗೆಯೇ 24ರಲ್ಲಿ ಬಿಟ್ಟು ಮರುದಿನ ಬೆಳಿಗ್ಗೆ ಅದೇ ಉಷ್ಣತೆಯಲ್ಲಿ ಓದಿದಾಗ 324 ಇತ್ತು. ಅಂಕಿ ಪೂರ್ತಿ ಹೆಪ್ಪುಗಟ್ಟಿರಲಿಲ್ಲ. ಬಲು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಚಿಪ್ ಸತ್ತಿದ್ದರೆ ಅಥವಾ ಅದರ ಅಂಕಿ ಸರಿದಿದ್ದರೆ ಹೀಗಾಗುವುದಿಲ್ಲ. ಸೆನ್ಸರಿನ ಕವಚದಲ್ಲಿ ಒಂದು ಸೂಕ್ಷ್ಮ ರಂಧ್ರವಿರುತ್ತದೆ, ಟೈರಿನೊಳಗಿನ ಗಾಳಿ ಒತ್ತಡ ಅಳೆಯುವ ಚಿಪ್‌ನ ಪೊರೆಯನ್ನು ತಲುಪುವುದು ಅದರ ಮೂಲಕ. ಆ ರಂಧ್ರ ಮುಚ್ಚಿಹೋಗಿ, ಒಳಗೆ ಸಿಕ್ಕಿಬಿದ್ದ ಚೂರು ಗಾಳಿ ಮುಚ್ಚಳದ ಅಂಚಿನಿಂದ ಎಷ್ಟೋ ಹೊತ್ತಿಗೆ ಒಂದಿಷ್ಟು ಸೋರುತ್ತಿದ್ದರೆ ಮಾತ್ರ ಈ ಮೂರು ಅಂಕಿಗಳೂ, ಮರುದಿನದ ನಾಲ್ಕನೆಯದೂ ಹೊಂದಿಕೊಳ್ಳುತ್ತವೆ.

ಈ ದೋಷ ಇಷ್ಟು ಕಾಲ ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಇರುವ ಕಾರಣವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕಾರು ಓಡಿದಾಗ ಟೈರು ಬಿಸಿಯಾಗಿ ಒತ್ತಡ ಏರುತ್ತದೆ, ಪರದೆಯ ಮೇಲೆ ನಾಲ್ಕೂ ಅಂಕಿಗಳು ಏರುವುದನ್ನು ನೋಡಿ ನಾಲ್ಕೂ ಸೆನ್ಸರ್‌ಗಳು ಕೆಲಸ ಮಾಡುತ್ತಿವೆ ಎಂದು ನಂಬುತ್ತೇವೆ. ಆದರೆ ಸೆನ್ಸರಿನೊಳಗೆ ಸಿಕ್ಕಿಬಿದ್ದ ಗಾಳಿಯೂ ಅದೇ ಟೈರಿನೊಳಗೆ ಅಷ್ಟೇ ಬಿಸಿಯಾಗುತ್ತದೆ ಮತ್ತು ಅದೇ ನಿಯಮದಂತೆ ಅದರ ಒತ್ತಡವೂ ಏರುತ್ತದೆ. ಗಾತ್ರ ಬದಲಾಗದಿದ್ದರೆ ಅನಿಲದ ನಿರಪೇಕ್ಷ ಒತ್ತಡ ಅದರ ಕೆಲ್ವಿನ್ ಉಷ್ಣತೆಗೆ ಅನುಪಾತದಲ್ಲಿರುತ್ತದೆ. 24 ಡಿಗ್ರಿ ಎಂದರೆ 297 ಕೆಲ್ವಿನ್, ಹೆದ್ದಾರಿಯಲ್ಲಿ ಓಡಿಬಂದ ಟೈರಿನ 46 ಡಿಗ್ರಿ ಎಂದರೆ 319 ಕೆಲ್ವಿನ್. ಬಲಚಕ್ರದ 318 ಈ ಅನುಪಾತದಲ್ಲಿ ಸುಮಾರು 342ಕ್ಕೆ, ಎಡಚಕ್ರದ 332 ಸುಮಾರು 357ಕ್ಕೆ ಏರುತ್ತವೆ. ಪರದೆಯ ಮೇಲೆ ಬಲಚಕ್ರ 31ರಿಂದ 35ಕ್ಕೆ ಹೋದರೆ ಎಡಚಕ್ರ 33ರಿಂದ 37ಕ್ಕೆ ಹೋಗುತ್ತದೆ. ಎರಡೂ ನಾಲ್ಕು ನಾಲ್ಕು ಮೆಟ್ಟಿಲು ಏರಿ, ತಣ್ಣಗಾದಾಗ ನಾಲ್ಕು ನಾಲ್ಕು ಇಳಿಯುತ್ತವೆ. ಟೈರಿನ ಗಾಳಿಯನ್ನೇ ಕಾಣದ ಸೆನ್ಸರ್, ಟೈರಿನ ಗಾಳಿಯನ್ನು ಅಳೆಯುತ್ತಿರುವಂತೆಯೇ ವರ್ತಿಸುತ್ತದೆ. ಬಿಸಿಯಾದಾಗ ಅಂಕಿ ಏರುವುದು ಸೆನ್ಸರ್ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಗಾಳಿ ಇಳಿಸಿದಾಗ ಅಂಕಿ ಇಳಿಯುವುದೊಂದೇ ಪುರಾವೆ.

ಇದೇ ಲೆಕ್ಕವನ್ನು ಗೇಜಿನ ಅಂಕಿಯ ಮೇಲೆ ನೇರವಾಗಿ ಹಾಕುವುದನ್ನು ಹಲವೆಡೆ ನೋಡಿದ್ದೇನೆ. 33ನ್ನು 319ರಿಂದ ಗುಣಿಸಿ 297ರಿಂದ ಭಾಗಿಸಿದರೆ 35.4 ಬರುತ್ತದೆ. ಮೊದಲು ವಾತಾವರಣದ ಒತ್ತಡ ಸೇರಿಸಿ, ಅನುಪಾತ ಹಾಕಿ, ಆಮೇಲೆ ಅದನ್ನು ಕಳೆದರೆ ಬರುವ ಸರಿಯಾದ ಉತ್ತರ 36.4. ಈ ಒಂದು ಪಿಎಸ್‌ಐ ಅಂತರದಿಂದಾಗಿ ಸರಿಯಿರುವ ಸೆನ್ಸರೂ ತಪ್ಪಾಗಿರುವಂತೆ ತೋರಬಹುದು.

ಟೈರು ಬಿಚ್ಚಿದ ಮೇಲೆ

ಟೈರು ಬಿಚ್ಚುವ ಕೆಲಸವನ್ನು ಯಂತ್ರವಿರುವ ಕಡೆ ಮಾಡಿಸಿದೆ. ಇಂಥ ಚಕ್ರವನ್ನು ಒಪ್ಪಿಸುವಾಗ ಒಳಗೆ ಸೆನ್ಸರ್ ಇದೆಯೆಂದು ಮೊದಲೇ ಹೇಳಿ, ಟೈರಿನ ಅಂಚನ್ನು (ಬೀಡ್) ರಿಮ್ಮಿನಿಂದ ಬಿಡಿಸುವ ಸಲಿಕೆ ವಾಲ್ವಿನ ಹತ್ತಿರ ಬಾರದಂತೆ ಚಕ್ರವನ್ನು ತಿರುಗಿಸಿಡಲು ಕೇಳಬೇಕು. ವಾಲ್ವಿನ ಮಗ್ಗುಲಲ್ಲೇ ಒತ್ತಿದರೆ ಸೆನ್ಸರಿನ ಪ್ಲಾಸ್ಟಿಕ್ ಕವಚ ಒಂದೇ ಏಟಿಗೆ ಸೀಳುತ್ತದೆ.

ಟೈರಿನ ಒಂದು ಬದಿ ಮೇಲೆ ಬಂದಾಗ ಕಾರಣ ಕಣ್ಣಮುಂದಿತ್ತು. ರಿಮ್ಮಿನ ಒಳಭಾಗದ ಉದ್ದಕ್ಕೂ ಒಣಗಿದ ಪಂಕ್ಚರ್ ದ್ರವದ ತೆಳುಪದರ, ಹಾಲು ಕಾಯಿಸಿದ ಪಾತ್ರೆಯ ಅಂಚಿಗೆ ಒಣಗಿ ಅಂಟಿದ ಕೆನೆಯಂತೆ, ಅಲ್ಲಲ್ಲಿ ಸುರುಳಿ ಎದ್ದು ಹರಡಿಕೊಂಡಿತ್ತು. ಟೈರಿನ ಒಳಮೈಯಲ್ಲಿ ಹಳೆಯ ತೂತಿಗೆ ಪ್ಯಾಚ್ ಹಾಕಿದ ಗುರುತೂ ಇತ್ತು. ಯಾವಾಗಲೋ ದಾರಿಯಲ್ಲಿ ಪಂಕ್ಚರಾದಾಗ ವಾಲ್ವಿನ ಮೂಲಕ ದ್ರವ ತುಂಬಿಸಿ ಮುಂದೆ ಹೋಗಿದ್ದಾರೆ. ಆಮೇಲೆ ತೂತಿಗೆ ಪ್ಯಾಚ್ ಬಿದ್ದಿದೆ, ಆದರೆ ರಿಮ್ಮನ್ನೂ ಸೆನ್ಸರನ್ನೂ ಒರೆಸುವ ಕೆಲಸ ಆಗಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಸೆನ್ಸರಿನ ರಂಧ್ರ ಇರಬೇಕಾದಲ್ಲಿ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ, ಹೊಳಪಿನ, ರಬ್ಬರಿನಂಥ ಬಿರಡೆ ಕುಳಿತಿತ್ತು.

ಬಿಚ್ಚಿದ ಸೆನ್ಸರನ್ನು ಮೇಜಿನ ಮೇಲಿಟ್ಟು ಉಪಕರಣದಿಂದ ಎಬ್ಬಿಸಿದೆ. ಸುತ್ತಲಿನ ಗಾಳಿ 91 ಕಿಲೋಪ್ಯಾಸ್ಕಲ್ ಇರುವಾಗ ಅದು 319 ಎಂದು ಪ್ರಸಾರ ಮಾಡಿತು. ಕಾರಿನ ಲೆಕ್ಕದಲ್ಲಿ ಅದು 31 ಪಿಎಸ್‌ಐಗಿಂತ ಹೆಚ್ಚು, ಅಂದರೆ ಯಾವ ಎಚ್ಚರಿಕೆಯೂ ಬಾರದ ಒತ್ತಡ. ಮರುದಿನ ನೋಡಿದಾಗಲೂ ಅಂಕಿ 250ರ ಮೇಲೆಯೇ ಇತ್ತು. ಓಡುವ ಕಾರಿನಲ್ಲಿ ಆ ಟೈರಿಗೆ ಮೊಳೆ ಹೊಕ್ಕು ಗಾಳಿಯೆಲ್ಲ ಹೋಗಿದ್ದರೂ ಪರದೆ ಎಲ್ಲವೂ ಸರಿಯಿದೆ ಎನ್ನುತ್ತಲೇ ಇರುತ್ತಿತ್ತು.

ಆ ಬಿರಡೆಯನ್ನು ಸೂಜಿಯಿಂದ ಕಿತ್ತರೆ ಸೆನ್ಸರ್ ಉಳಿಯಬಹುದಲ್ಲ ಎಂಬ ಯೋಚನೆ ಯಾರಿಗಾದರೂ ಬರುತ್ತದೆ. ನಾನು ಅದನ್ನು ಮಾಡಲಿಲ್ಲ, ಯಾರೂ ಮಾಡಬಾರದೆಂದೇ ನನ್ನ ಅಭಿಪ್ರಾಯ. ರಂಧ್ರದ ಹಿಂದೆಯೇ ಒತ್ತಡಕ್ಕೆ ಬಾಗುವ ಸಿಲಿಕಾನ್ ಪೊರೆ, ಹಲವು ಸೆನ್ಸರ್‌ಗಳಲ್ಲಿ ಅದರ ಮೇಲೊಂದು ರಕ್ಷಕ ಜೆಲ್ ಇರುತ್ತದೆ. ಸೂಜಿ ಪೊರೆಯನ್ನು ಹರಿಯಬಹುದು, ದ್ರಾವಕಗಳು ಜೆಲ್ಲನ್ನು ಕೆಡಿಸಬಹುದು, ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಹೊಡೆದರೆ ಕೊಳೆ ಇನ್ನೂ ಒಳಕ್ಕೆ ಹೋಗಬಹುದು. ಹೊರಗೆ ಅಂಟಿದ ಹಸಿ ದ್ರವವನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಒಣಗಿ ರಂಧ್ರದೊಳಗೆ ಕುಳಿತದ್ದು ಪೂರ್ತಿ ಹೋಯಿತೆಂದು ಖಾತ್ರಿ ಮಾಡಿಕೊಳ್ಳುವ ದಾರಿ ಕೈಯಲ್ಲಿಲ್ಲ. ಜೊತೆಗೆ ಬ್ಯಾಟರಿಯ ಆಯುಸ್ಸು ಹೇಗೂ ಬಹುಪಾಲು ಕಳೆದಿತ್ತು.

ಹೊಸ ಸೆನ್ಸರನ್ನು ಆರಿಸುವಾಗ ರೇಡಿಯೊ ತರಂಗಾಂಕ ಮತ್ತು ಸಂದೇಶದ ರೂಪ ಎರಡೂ ಕಾರಿಗೆ ಹೊಂದಬೇಕು. ಆಕಾರ ಒಂದೇ ಇದ್ದರೂ 315ರ ಸೆನ್ಸರನ್ನು 433ರ ಕಾರು ಕೇಳಿಸಿಕೊಳ್ಳುವುದಿಲ್ಲ. ನಾನು ತಂದದ್ದು ಪ್ರೋಗ್ರಾಂ ಮಾಡಬಹುದಾದ ಬಗೆಯದು. ರಿಮ್ಮಿಗೆ ಹಾಕುವ ಮೊದಲೇ ಅದನ್ನು ಮೇಜಿನ ಮೇಲೆ ಎಬ್ಬಿಸಿ ನೋಡಿದಾಗ ಮೂಲ ಅಂಕಿ 91 ಬಂತು, ಫೋನಿನ 910 ಹೆಕ್ಟೊಪ್ಯಾಸ್ಕಲ್‌ನೊಂದಿಗೆ ಸರಿಯಾಗಿ ಕೂಡಿತು. ಟೈರು ಹಾಕಿದ ಮೇಲೆ ದೋಷ ಕಂಡರೆ ಮತ್ತೆ ಎಲ್ಲ ಬಿಚ್ಚಬೇಕಾಗುವುದರಿಂದ ಈ ಒಂದು ನಿಮಿಷದ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬಾರದು.

ಗುರುತಿನ ಸಂಖ್ಯೆಯ ವಿಷಯದಲ್ಲಿ ಎರಡು ದಾರಿಗಳಿವೆ. ಹಳೆಯ ಸೆನ್ಸರಿನ ಸಂಖ್ಯೆಯನ್ನೇ ಹೊಸದಕ್ಕೆ ನಕಲು ಮಾಡಿದರೆ ಕಾರಿಗೆ ಏನನ್ನೂ ಕಲಿಸಬೇಕಾಗುವುದಿಲ್ಲ. ಹೊಸ ಸಂಖ್ಯೆಯನ್ನೇ ಉಳಿಸಿಕೊಂಡರೆ ಕಾರಿನ ದೋಷಪರೀಕ್ಷೆಗಾಗಿ ಇರುವ ಓಬಿಡಿ ಪೋರ್ಟಿನ ಮೂಲಕ ಅಥವಾ ಕಾರಿನ ಕಲಿಕೆಯ ಕ್ರಮದ ಮೂಲಕ ಅದನ್ನು ನೋಂದಾಯಿಸಬೇಕು. ನಾನು ಎರಡನೆಯದನ್ನು ಆರಿಸಿದೆ. ನಕಲು ಮಾಡಿದ್ದರೆ ಹಳೆಯ ಸೆನ್ಸರ್ ಹತ್ತಿರದಲ್ಲಿ ಎಚ್ಚೆತ್ತಾಗ ಒಂದೇ ಸಂಖ್ಯೆಯಿಂದ ಎರಡು ಅಂಕಿಗಳು ಬಂದು ಗೊಂದಲವಾಗುತ್ತಿತ್ತು, ಮತ್ತು ಆ ಹಳೆಯದನ್ನು ಇನ್ನಷ್ಟು ದಿನ ಮೇಜಿನ ಮೇಲಿಟ್ಟು ಗಮನಿಸುವ ಇಚ್ಛೆ ನನಗಿತ್ತು.

ಜೋಡಿಸುವಾಗ ರಬ್ಬರ್ ಬಳೆ, ವಾಷರ್, ನಟ್, ವಾಲ್ವಿನ ಒಳತಿರುಳು ಇವೆಲ್ಲ ಹೊಸವೇ ಇರಲಿ. ವಾಲ್ವಿನ ಕೊಳವೆ ಅಲ್ಯೂಮಿನಿಯಂನದಾಗಿದ್ದರೆ ಒಳತಿರುಳು ನಿಕ್ಕಲ್ ಲೇಪದ್ದೇ ಆಗಬೇಕು. ಬರಿಯ ಹಿತ್ತಾಳೆಯದು ಹಾಕಿದರೆ ತೇವದಲ್ಲಿ ಎರಡು ಲೋಹಗಳ ನಡುವೆ ತುಕ್ಕು ಬೆಳೆದು ಮುಂದೊಂದು ದಿನ ತಿರುಳು ಬಿಚ್ಚಲಾರದಂತೆ ಕಚ್ಚಿಕೊಳ್ಳುತ್ತದೆ. ನಟ್ಟನ್ನು ಸೆನ್ಸರ್ ತಯಾರಕರು ಹೇಳಿದ ಟಾರ್ಕ್‌ಗೆ ಟಾರ್ಕ್ ರೆಂಚಿನಿಂದಲೇ ಬಿಗಿಸಬೇಕು. ಅದು ಚಕ್ರದ ನಟ್ಟುಗಳ ಟಾರ್ಕ್‌ಗೆ ಹೋಲಿಸಿದರೆ ಬಲು ಕಡಿಮೆ, ಕೈಯಂದಾಜಿನಲ್ಲಿ ಹೆಚ್ಚು ಬಿಗಿಯುವ ಸಾಧ್ಯತೆಯೇ ಜಾಸ್ತಿ. ರಿಮ್ಮನ್ನೂ ಟೈರಿನ ಒಳಮೈಯನ್ನೂ ನೀರಿನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಟೈರು ಹಾಕಿ, ವಾಲ್ವಿನ ಬುಡಕ್ಕೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ನೋಡಿ, ಕೊನೆಗೆ ಚಕ್ರದ ಬ್ಯಾಲೆನ್ಸ್ ಮಾಡಿಸಿದೆ.

ರಿಪೇರಿಯ ನಂತರ

ಚಕ್ರ ಕಾರಿಗೆ ಏರಿದ ಮೇಲೆ ಮತ್ತೆ 36, 30, 24. ಹೊಸ ಸೆನ್ಸರ್ 340, 299, 258 ಎಂದಿತು. ಎಲ್ಲೆಡೆ ಒಂದೆರಡು ಕಿಲೋಪ್ಯಾಸ್ಕಲ್ ಹೆಚ್ಚು, ಆದರೆ ಹೆಜ್ಜೆಗೆ ಹೆಜ್ಜೆ ಸರಿ. 33 ತುಂಬಿ ಓಡಿಸಿದಾಗ ಪರದೆಯು ಆ ಚಕ್ರಕ್ಕೂ 32 ತೋರಿಸಿತು. ಮೊದಲಿಗಿಂತ ಈಗ ಗೇಜಿನಿಂದ ಒಂದು ಅಂಕಿ ದೂರ ಸರಿದಿರುವುದು ನೋಡಿದವರಿಗೆ ವಿಚಿತ್ರವೆನಿಸಬಹುದು, ಆದರೆ ಈ ಎತ್ತರದಲ್ಲಿ ಈ ಕಾರು ತೋರಿಸಬೇಕಾದದ್ದು ಅದೇ.

ಎತ್ತರದಿಂದಾಗುವ ಒಂದೂವರೆ ಪಿಎಸ್‌ಐ ವ್ಯತ್ಯಾಸವನ್ನು ಸರಿಪಡಿಸುವ ಗೋಜಿಗೆ ನಾನು ಹೋಗಲಿಲ್ಲ. ಟೈರಿನ ಆಕಾರವನ್ನೂ ಭಾರ ಹೊರುವ ಶಕ್ತಿಯನ್ನೂ ನಿರ್ಧರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸ, ಅಂದರೆ ಗೇಜಿನ ಅಂಕಿ. ಆದ್ದರಿಂದ ಗಾಳಿ ತುಂಬುವುದು ಗೇಜಿನ ಪ್ರಕಾರವೇ. ಪರದೆಯಲ್ಲಿ 33 ಬರಲಿ ಎಂದು ಗೇಜಿನಲ್ಲಿ 34.5ರವರೆಗೆ ಏರಿಸುವುದಿಲ್ಲ. ಇದಲ್ಲದೆ ಈ ತಪ್ಪು ನಮ್ಮ ಪರವಾಗಿಯೇ ಇದೆ. ಅಮೆರಿಕದ ನಿಯಮದಂತೆ ಸೂಚಿತ ಒತ್ತಡಕ್ಕಿಂತ ಶೇಕಡಾ 25ರಷ್ಟು, ಯುರೋಪಿನ ನಿಯಮದಂತೆ ಓಡಿ ಬಿಸಿಯಾದ ಟೈರಿನ ಒತ್ತಡಕ್ಕಿಂತ ಶೇಕಡಾ 20ರಷ್ಟು ಇಳಿದಾಗ ಎಚ್ಚರಿಕೆ ಬರಬೇಕು. ಶೇಕಡಾ 25 ಎಂದಿಟ್ಟುಕೊಂಡರೆ 33ರ ಟೈರಿಗೆ ದೀಪ ಹೊತ್ತಬೇಕಾದದ್ದು 25ರ ಹತ್ತಿರ. ಪರದೆ ಕಡಿಮೆ ಓದುತ್ತಿರುವುದರಿಂದ ಗೇಜಿನ ಲೆಕ್ಕದ 26ಕ್ಕೇ ಅದು ಹೊತ್ತುತ್ತದೆ. ಬೇಗ ಬರುವ ಎಚ್ಚರಿಕೆಯಿಂದ ಕೆಡುಕಿಲ್ಲ. ಮುಚ್ಚಿಹೋದ ರಂಧ್ರದ ತಪ್ಪು ಇದರ ವಿರುದ್ಧ ದಿಕ್ಕಿನದು: ಅಂಕಿಯಲ್ಲಿ ಗೇಜಿಗೆ ಹತ್ತಿರ, ಎಚ್ಚರಿಕೆಯ ವಿಷಯದಲ್ಲಿ ಸಂಪೂರ್ಣ ನಿರುಪಯೋಗಿ. ಸೆನ್ಸರಿನ ತಪ್ಪು ಎಷ್ಟು ದೊಡ್ಡದು ಎಂಬುದಕ್ಕಿಂತ ಯಾವ ಕಡೆಗೆ ಎಂಬುದನ್ನು ಮೊದಲು ಕೇಳಬೇಕೆಂಬುದು ಈ ಕೆಲಸದಿಂದ ನನಗೆ ಗಟ್ಟಿಯಾದ ಅಭಿಪ್ರಾಯ.

ಪಂಕ್ಚರ್ ದ್ರವ ಬಳಸಿದ ಟೈರು ಇರುವವರು ಅಥವಾ ಹಿಂದಿನ ಚರಿತ್ರೆ ತಿಳಿಯದ ಕಾರು ಕೊಂಡವರು ಯಾವ ವಿಶೇಷ ಉಪಕರಣವೂ ಇಲ್ಲದೆ ಇದನ್ನು ಪರೀಕ್ಷಿಸಬಹುದು. ಟೈರು ತಣ್ಣಗಿರುವಾಗ ಗೇಜಿನಿಂದ ನಾಲ್ಕೂ ಚಕ್ರಗಳನ್ನು ಸೂಚಿತ ಒತ್ತಡಕ್ಕೆ ತಂದು, ಸ್ವಲ್ಪ ದೂರ ನಿಧಾನವಾಗಿ ಓಡಿಸಿ ಪರದೆಯ ಅಂಕಿಗಳನ್ನು ಬರೆದುಕೊಳ್ಳಿ. ಆಮೇಲೆ ಅನುಮಾನವಿರುವ ಚಕ್ರದಿಂದ ಗೇಜು ನೋಡಿಕೊಂಡು 3 ಪಿಎಸ್‌ಐ ಇಳಿಸಿ, ಪರದೆಗೆ ಹೊಸ ಅಂಕಿ ಬರುವಷ್ಟು, ಟೈರು ಬಿಸಿಯಾಗದಷ್ಟು ಮತ್ತೆ ಓಡಿಸಿ. ಬಹುತೇಕ ಸೆನ್ಸರ್‌ಗಳು ಗಂಟೆಗೆ 30 ಕಿಲೋಮೀಟರ್ ಆಸುಪಾಸಿನ ವೇಗ ದಾಟಿದ ಮೇಲೆ ನಿಮಿಷಕ್ಕೊಮ್ಮೆ ಎಂಬಂತೆ ಅಂಕಿ ಕಳಿಸುವುದರಿಂದ ಕೆಲವು ನಿಮಿಷಗಳ ಓಟ ಸಾಕು. ಅಂಕಿ 2ರಿಂದ 4ರಷ್ಟು ಇಳಿದರೆ ಸೆನ್ಸರ್ ಗಾಳಿಯನ್ನು ಕಾಣುತ್ತಿದೆ. ಇದ್ದಲ್ಲೇ ಇದ್ದರೆ, ಆ ಅಂಕಿ ಗೇಜಿಗೆ ಎಷ್ಟೇ ಹೊಂದುತ್ತಿದ್ದರೂ, ಟೈರು ಬಿಚ್ಚಿಸಿ ಒಳಗೆ ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಇಳಿಸಿದ ಗಾಳಿಯನ್ನು ತುಂಬಿ, ವಾಲ್ವಿನ ಮುಚ್ಚಳವನ್ನು ತಿರುಗಿಸಿ ಹಾಕಿ.